ಮೀಸಲಿನ ವಾರದ ನೀರು

ಹೊಸದುರ್ಗ ತಾಲ್ಲೂಕಿನ ಮತ್ತೋಡು ಹೋಬಳಿಯಲ್ಲಿ ಡಾಂಬರು ರಸ್ತೆ ಬಿಟ್ಟು, ಜಾಲಿ ಗಿಡಗಳ ನಡುವೆ ಒಳಗೆ ಹೋದರೆ ಸಿಗುವ ಕರೇಕಲ್ಲಹಟ್ಟಿಗೆ ಕಾಟಲಿಂಗಪ್ಪನೇ ನೀರುಗಂಟಿ. ಮೇಲಿನ ಟ್ಯಾಂಕನ್ನು ತುಂಬಿಸುವುದು, ಅದಕ್ಕೆ ಬ್ಲೀಚಿಂಗ್ ಪುಡಿ ಬೆರೆಸುವುದು, ಒಂದೊಂದು ಬೀದಿಯ ವಾಲ್ವನ್ನು ಸರದಿಯಂತೆ ತಿರುಗಿಸಿ ನೀರು ಬಿಡುವುದು ಅವನ ಕೆಲಸ. ಪಂಚಾಯಿತಿಯ ಬಾಯಲ್ಲಿ ಅವನು ವಾಟರ್‌ಮ್ಯಾನ್. ನೀರು ತಡವಾದ ದಿನ ಹಟ್ಟಿಯ ಹೆಂಗಸರ ಬಾಯಲ್ಲಿ ಅವನಿಗೆ ಬೇರೆ ಹೆಸರುಗಳೂ ಇದ್ದವು. ಅವನ್ನು ಇಲ್ಲಿ ಬರೆಯುವಂತಿಲ್ಲ.

ಆ ಕೆಲಸದ ಮೇಲೆ ಅವನಿಗಿದ್ದ ಅಕ್ಕರೆಗೆ ಕಾರಣ ಮನೆಯೊಳಗೇ ಇತ್ತು. ಅವನ ಅಕ್ಕ ಚಿತ್ತಮ್ಮ ತಲೆಯೆತ್ತಿ ಆಕಾಶ ನೋಡಿ ಎಷ್ಟೋ ಕಾಲವಾಗಿತ್ತು. ಅವಳ ಬೆನ್ನು ಬಾಗಿ ಅಲ್ಲೇ ನಿಂತುಬಿಟ್ಟಿತ್ತು, ಕುತ್ತಿಗೆ ತಿರುಗುತ್ತಿರಲಿಲ್ಲ, ಮಾತಾಡಿಸಿದವರ ಮುಖ ನೋಡಬೇಕಾದರೆ ಇಡೀ ಮೈಯನ್ನೇ ತಿರುಗಿಸಬೇಕಾಗಿತ್ತು. ಹಟ್ಟಿಯವರು ಹಿಂದಿನ ಜನ್ಮದ ಪಾಪವೆಂದರು, ವಾಯುವೆಂದರು. ಅದು ಎರಡೂ ಅಲ್ಲ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದೆಂದು ನಿಯಮವಿದೆ. ಹಟ್ಟಿಯ ಕೈಪಂಪಿನ ನೀರಿನಲ್ಲಿ ಅದರ ಎರಡರಷ್ಟಕ್ಕಿಂತ ಹೆಚ್ಚಿತ್ತು. ಆ ನೀರನ್ನೇ ಕುಡಿದು, ಅದರಲ್ಲೇ ಮುದ್ದೆ ಬೇಯಿಸಿ ಉಂಡು, ಮಕ್ಕಳ ಹಲ್ಲು ಕಂದಿದವು, ದೊಡ್ಡವರ ಮೂಳೆ ಬಿಗಿದವು. ಹಿರಿಯೂರು ಕಡೆಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ಹಟ್ಟಿಗೆ ಮರಳಿದ ಚಿತ್ತಮ್ಮ, ತಾಯಿಯಿಲ್ಲದ ತಮ್ಮನನ್ನು ಸಾಕುತ್ತ ಆ ಕೈಪಂಪನ್ನು ಒತ್ತಿದಷ್ಟು ಬೇರೆ ಯಾರೂ ಒತ್ತಿರಲಿಲ್ಲ.

ಕಡೆಗೊಮ್ಮೆ ಮಾರಿಕಣಿವೆ ಜಲಾಶಯದ ನೀರು ಕೊಳವೆಯಲ್ಲಿ ಹಟ್ಟಿಗೆ ಬಂದಿತು. ಕೈಪಂಪಿಗೆ ಕೆಂಪು ಬಣ್ಣ ಬಳಿದು, ಇದರ ನೀರು ಕುಡಿಯಬಾರದು ಎಂದು ಸಾರಿದರು. ಕಾಟಲಿಂಗಪ್ಪ ಹೊಸ ನಲ್ಲಿಯ ಮೊದಲ ಚೊಂಬನ್ನು ಅಕ್ಕನ ಕೈಗಿಟ್ಟಿದ್ದ. ಅವಳು ಒಂದು ಗುಟುಕು ಕುಡಿದು, “ಸಪ್ಪಗೈತೆ ಕಣಲೇ,” ಎಂದಿದ್ದಳು. ಮತ್ತೊಂದು ಗುಟುಕು ಕುಡಿದು, “ನಾಲಿಗೆಗೆ ಏನ್ ಗೊತ್ತು, ಮೂಳೆ ಕೇಳ್ಬೇಕು,” ಎಂದು ನಕ್ಕಿದ್ದಳು. ಅಂದಿನಿಂದ ಅವಳು ತಮ್ಮ ಬಿಟ್ಟ ನೀರನ್ನಲ್ಲದೆ ಬೇರೆಯದನ್ನು ತುಟಿಗೆ ಮುಟ್ಟಿಸಿದವಳಲ್ಲ.

ಒಳ್ಳೆಯ ನೀರನ್ನು ದೂರದಿಂದ ತಂದ ಸರ್ಕಾರವೇ ಅದನ್ನು ಹಟ್ಟಿಯ ಬಾಗಿಲಲ್ಲಿ ಕೆಡಿಸಿತು ಎಂಬುದನ್ನು ಸ್ಪಷ್ಟವಾಗಿ ಹೇಳಬೇಕು. ಕೊಳವೆ ಹೂಳಿದ ಮೇಲೆ ಬೇರೊಂದು ಯೋಜನೆಯಲ್ಲಿ, ಕಾಟಲಿಂಗಪ್ಪನ ಮನೆಯೂ ಇದ್ದ ಮೂಡಲ ಬೀದಿಗೆ ಕಾಂಕ್ರೀಟ್ ಚರಂಡಿ ಬಂದಿತು. ಚರಂಡಿಯ ಗುತ್ತಿಗೆದಾರನಿಗೆ ಕೊಳವೆ ಅಡ್ಡಬಂದಿತು. ಅದನ್ನು ಪಕ್ಕಕ್ಕೆ ಸರಿಸುವ ಗೋಜಿಗೆ ಹೋಗದೆ, ಎರಡು ಕೊಳವೆಗಳು ಕೂಡುವ ಜಾಗವೇ ಚರಂಡಿಯ ತಳದಲ್ಲಿ ಬರುವಂತೆ ಮೇಲೆ ಕಾಂಕ್ರೀಟು ಸುರಿದು ಹೋದ. ಆ ಜೋಡಣೆ ಸಡಿಲವಾಗಿತ್ತು. ನೀರು ಹರಿಯುವಾಗ ಅಲ್ಲಿಂದ ಹೊರಗೆ ಸೋರುತ್ತಿತ್ತು. ವಾಲ್ವ್ ಮುಚ್ಚಿ ಕೊಳವೆ ಬರಿದಾದಾಗ ಚರಂಡಿಯ ಕೊಚ್ಚೆ ಅದೇ ಸಂದಿನಿಂದ ಒಳಗೆ ಸೇರುತ್ತಿತ್ತು. ಕಾಟಲಿಂಗಪ್ಪ ಇದನ್ನು ಪಂಚಾಯಿತಿಯಲ್ಲಿ ಹೇಳಿದ; ಮತ್ತೆ ಹೋಗಿ ಹೇಳಿದ. ಒಬ್ಬ ಎಂಜಿನಿಯರು ಬಂದು, ಬಗ್ಗಿ ನೋಡಿ, ಬರುವ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಿಸೋಣ ಎಂದು ಕರ್ಚೀಫಿನಿಂದ ಕೈ ಒರೆಸಿಕೊಂಡು ಹೋದರು. ಹೀಗಾಗಿ ಚರಂಡಿಗೂ ಮೂಡಲ ಬೀದಿಯವರ ಹೊಟ್ಟೆಗೂ ನಡುವೆ ಉಳಿದಿದ್ದ ಕಾವಲು ಒಂದೇ: ಕಾಟಲಿಂಗಪ್ಪ ಟ್ಯಾಂಕಿಗೆ ಹಾಕುತ್ತಿದ್ದ ಬ್ಲೀಚಿಂಗ್ ಪುಡಿ.

ವರ್ಷಕ್ಕೊಂದು ವಾರ ಆ ಕಾವಲೂ ಇರುತ್ತಿರಲಿಲ್ಲ.

ಹಟ್ಟಿಯ ದೇವರಿಗೆ ಮೀಸಲು ಎಂದು ಪ್ರತಿ ಮನೆಯವರೂ ಮೊದಲ ಕರಾವಿನ ಹಾಲು, ತುಪ್ಪ, ಹೊಸ ಧಾನ್ಯ ಎತ್ತಿಟ್ಟು, ಆ ವಾರ ಮಡಿಯಲ್ಲಿ ಅಡುಗೆ ಮಾಡಿ ಎಡೆ ಇಡುವುದು ತಲೆಮಾರುಗಳಿಂದ ಬಂದ ನಡವಳಿಕೆ. ಮೀಸಲಿಗೆ ಮುಟ್ಟುಚಟ್ಟಿಲ್ಲದ ಬಾವಿಯ ನೀರೇ ಆಗಬೇಕಿತ್ತು. ಬಾವಿ ಬತ್ತಿ ಹೋದ ಮೇಲೆ ಹಿರಿಯರು ಕೂತು, ಟ್ಯಾಂಕನ್ನೇ ದೇವರ ಬಾವಿಯೆಂದು ಭಾವಿಸತಕ್ಕದ್ದೆಂದು ತೀರ್ಮಾನಿಸಿದರು. ಮೀಸಲಿಗೆ ಮುನ್ನ ಕಾಟಲಿಂಗಪ್ಪ ಸ್ನಾನ ಮಾಡಿ, ಟ್ಯಾಂಕಿನೊಳಗಿಳಿದು ತಿಕ್ಕಿ ತೊಳೆದು, ಅರಿಶಿನದ ಕೊಂಬು ಬಿಡಬೇಕು. ಆಮೇಲೆ ವಾರವಿಡೀ ಪುಡಿ ಹಾಕುವಂತಿಲ್ಲ. ಔಷಧಿಯ ವಾಸನೆ ಹೊಡೆಯುವ ನೀರಿನಲ್ಲಿ ದೇವರಿಗೆ ಬೇಯಿಸುವುದುಂಟೆ? ಅಷ್ಟು ಶುಚಿಯಾಗಿ ತೊಳೆದ ಟ್ಯಾಂಕಿಗೆ ಪುಡಿ ಏಕೆ ಬೇಕೆಂದು ಅವನಿಗೂ ಅನ್ನಿಸುತ್ತಿತ್ತು. ಕೊಚ್ಚೆ ಸೇರುತ್ತಿದ್ದದ್ದು ಟ್ಯಾಂಕಿನಿಂದ ಕೆಳಗೆ ಎಂಬುದನ್ನು ತಿಳಿದವನೇ, ಆ ವಾರ ಮಾತ್ರ ಅದನ್ನು ಮನಸ್ಸಿಗೆ ತಂದುಕೊಳ್ಳುತ್ತಿರಲಿಲ್ಲ. ಹಿಂದಿನ ವರ್ಷಗಳಲ್ಲಿ ಮೀಸಲು ಒಣ ದಿನಗಳಲ್ಲಿ ಬಂದಿತ್ತು, ಚರಂಡಿಯೂ ಒಣಗಿರುತ್ತಿತ್ತು. ಈ ಸಲ ಮೀಸಲೂ ಮಳೆಯೂ ಕೂಡಿ ಬಂದವು.

ಮೂಡಲ ಬೀದಿಯ ಮಕ್ಕಳಿಗೆ ವಾಂತಿ ಶುರುವಾದ ಬೆಳಿಗ್ಗೆ ಕಾಟಲಿಂಗಪ್ಪ ನೇರವಾಗಿ ಪೂಜಾರಿ ಮೂಡಲಗಿರಿಯಪ್ಪನ ಬಳಿಗೆ ಹೋದ. ಸಂಬಂಧದಲ್ಲಿ ಪೂಜಾರಿ ಅವನಿಗೆ ಮಾವನಾಗಬೇಕು. ಹಟ್ಟಿಯಲ್ಲಿ ಅವನ ಮಾತು ಮೀರುವವರಿರಲಿಲ್ಲ.

“ಮಾವ, ಮಕ್ಳು ಕಕ್ಕತಾವೆ. ಇವತ್ತು ಒಂದಿಷ್ಟು ಪುಡಿ ಹಾಕ್ತೀನಿ.”

“ಮೀಸಲಿಗೆ ಒಲೆ ಹಚ್ಚಿದ ಮ್ಯಾಲೆ ಔಷಧಿ ಸುರೀತೀಯೇನಪ್ಪ? ನಾಡಿದ್ದು ಎಡೆ ಆಗ್ಲಿ. ಆಮೇಲೆ ಡಬ್ಬಾನೇ ಸುರಿ, ನಾನೇ ಹೊತ್ಕಂಡು ಬರ್ತೀನಿ.”

“ನಾಡಿದ್ದರ ತನಕ ತಡೀತಾವಾ?”

ಮೂಡಲಗಿರಿಯಪ್ಪ ಒಳಮನೆಯ ಕಡೆ ಕೈ ತೋರಿದ. “ನಮ್ಮನೇಲೂ ಮೊಮ್ಮಗ ಮಲಗೈತೆ. ನಾನೇನು ಕಲ್ಲಾ? ದೇವ್ರ ಮ್ಯಾಲೆ ಭಾರ ಹಾಕಾಣ. ಹೋಗು.”

ಕಾಟಲಿಂಗಪ್ಪ ಹೋದ. ಪುಡಿಯ ಡಬ್ಬ ಅವನ ಮನೆಯಲ್ಲೇ ಇತ್ತು. ಟ್ಯಾಂಕಿನ ಏಣಿಯ ಬೀಗದ ಕೈ ಅವನ ಉಡಿದಾರದಲ್ಲಿತ್ತು. ಅವನನ್ನು ತಡೆಯಲು ಯಾರೂ ಅಲ್ಲಿ ಕಾವಲು ನಿಂತಿರಲಿಲ್ಲ. ಆದರೂ ಅವನು ಏಣಿ ಹತ್ತಲಿಲ್ಲ.

ಆಶಾ ಕಾರ್ಯಕರ್ತೆ ನೇತ್ರಾವತಿ ಮನೆಮನೆಗೆ ಓಆರ್‌ಎಸ್ ಪೊಟ್ಟಣ ಹಂಚುತ್ತ, ನಲ್ಲಿಯ ನೀರನ್ನು ಕುದಿಸದೆ ಕುಡಿಯಬೇಡಿ, ಕುದಿಸಲಾಗದಿದ್ದರೆ ನಾಲ್ಕು ದಿನದ ಮಟ್ಟಿಗೆ ಹಳೆಯ ಕೈಪಂಪಿನದನ್ನಾದರೂ ತನ್ನಿ ಎಂದು ಹೇಳುತ್ತ ಬಂದಳು. ಚಿತ್ತಮ್ಮ ಇಡೀ ಮೈ ತಿರುಗಿಸಿ ಅವಳ ಮುಖ ನೋಡಿದಳು.

“ಆ ನೀರೇ ಕಣವ್ವ ನನ್ನ ಬಗ್ಗಿಸಿದ್ದು. ಅದಕ್ಕೆ ಕೆಂಪು ಬಣ್ಣ ಬಳಿಸ್ದೋಳು ನೀನು. ಈಗ ಅದನ್ನೇ ಕುಡಿ ಅಂತೀಯಾ?”

“ಅದು ವರ್ಷಗಟ್ಲೆ ಕುಡಿದ್ರೆ ಕೆಡಿಸ್ತೈತೆ ಅಜ್ಜಿ. ಇದು ಒಂದೇ ದಿನಕ್ಕೆ.”

“ನನ್ನ ತಮ್ಮ ಬಿಡೋ ನೀರಿಗೆ ಏನಾಗೈತೆ? ಕೇಳು, ಇಲ್ಲೇ ನಿಂತವ್ನೆ.”

ಬಾಗಿಲಲ್ಲಿ ನಿಂತಿದ್ದ ಕಾಟಲಿಂಗಪ್ಪ ಆಗಲೇ ಹೇಳಬಹುದಿತ್ತು. ಪುಡಿಯಿಲ್ಲದ ಆ ನೀರು ಕೆಟ್ಟಿದೆ ಎಂದರೆ ಮೀಸಲಿನ ಕಟ್ಟು ಮುರಿದಂತೆ. ಅದು ಬೀದಿಗೆ ಹರಡಿ, ಅಡುಗೆಗೆ ಕೂತ ಹೆಂಗಸರು ಎದ್ದುಬಿಡುತ್ತಾರೆ ಎಂಬ ಅಳುಕು ಅವನ ಬಾಯಿ ಹಿಡಿಯಿತು. “ಕಾಯಿಸ್ಕಂಡೇ ಕುಡಿ ಅಕ್ಕ,” ಎಂದಷ್ಟೇ ಹೇಳಿದ.

“ಬಗ್ಗೋದು ನನಗೆ ಸಲೀಸು. ಒಲೆ ಊದಾದೇ ಕಷ್ಟ,” ಎಂದಳು ಚಿತ್ತಮ್ಮ. ಅವನ ಹೆಂಡತಿ ಯಲ್ಲಕ್ಕ ಮಡಿಯುಟ್ಟು ಗುಡಿಯ ಬಳಿ ದೇವರ ಅಡುಗೆಯಲ್ಲಿದ್ದಳು. ಮನೆಯಲ್ಲಿ ಒಲೆ ಹಚ್ಚುವವರಿರಲಿಲ್ಲ. ಕಾಟಲಿಂಗಪ್ಪನೂ ಹಚ್ಚಲಿಲ್ಲ, ವಾಲ್ವ್ ತಿರುಗಿಸುವ ಹೊತ್ತಾಗಿತ್ತೆಂದು ಹೊರಟ. ಚಿತ್ತಮ್ಮ ಎಂದಿನಂತೆ ಕೊಡದಿಂದ ಬಗ್ಗಿಸಿಕೊಂಡು ಕುಡಿದಳು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಗುಳಿಬಿದ್ದಿದ್ದವು. ಆಂಬುಲೆನ್ಸು ಡಾಂಬರು ರಸ್ತೆಯವರೆಗೆ ಬಂದು, ಕೆಸರಿನಲ್ಲಿ ಮುಂದೆ ಬರಲಾರದೆ ನಿಂತಿತು. ಅಲ್ಲಿಯವರೆಗೆ ಹೊರಸಿನ ಮೇಲೆ ಹೊತ್ತೊಯ್ದರು. ಬಾಗಿದ ಬೆನ್ನಿನವಳನ್ನು ಅಂಗಾತ ಮಲಗಿಸುವಂತಿರಲಿಲ್ಲ. ಮಗ್ಗುಲಾಗಿಸಿ, ಕಾಟಲಿಂಗಪ್ಪ ಪಕ್ಕದಲ್ಲಿ ತಲೆ ಹಿಡಿದುಕೊಂಡು ನಡೆದ. ದಾರಿಯಲ್ಲಿ ಅವಳು ಬೇಡಿದ್ದು ನೀರನ್ನೇ. ಹೊಸದುರ್ಗ ಮುಟ್ಟುವ ಮೊದಲೇ ಅವಳ ಉಸಿರು ನಿಂತಿತು. ಅವಳಂತೆ ಮಲಗಿದ ಇತರರು, ಪೂಜಾರಿಯ ಮೊಮ್ಮಗನೂ ಸೇರಿ, ಆಸ್ಪತ್ರೆಯಿಂದ ಬದುಕಿ ಬಂದರು.

ಸಾವು ಆದ ಮೇಲೆ ಸರ್ಕಾರ ಬಂದಿತು. ತಾಲ್ಲೂಕಿನಿಂದ ಬಂದ ಅಧಿಕಾರಿ ಮೊದಲು ಮಾಡಿಸಿದ ಕೆಲಸವೆಂದರೆ ಟ್ಯಾಂಕಿಗೆ ಡಬ್ಬಗಟ್ಟಲೆ ಪುಡಿ ಸುರಿಸಿದ್ದು. ನೀರಿನ ಮಾದರಿ ತೆಗೆದದ್ದು ಅದಾದ ಮೇಲೆ. ಔಷಧಿ ಬಿದ್ದ ನೀರಿನಲ್ಲಿ ಏನು ಸಿಗುತ್ತದೆಂದು ನೇತ್ರಾವತಿ ಕೇಳಿದಳು. ಮೊದಲು ಜನರನ್ನು ಉಳಿಸಬೇಕಲ್ಲವೇ ಎಂದು ಅಧಿಕಾರಿ ಉತ್ತರಿಸಿದರು. ಉತ್ತರವೇನೋ ಸರಿಯೇ. ಆದರೆ ಪುಡಿ ಸುರಿಯುವ ಮುನ್ನ ಒಂದು ಬಾಟಲಿ ತುಂಬಿಸಿಕೊಳ್ಳುವಷ್ಟರಲ್ಲಿ ಯಾರ ಪ್ರಾಣವೂ ಹೋಗುತ್ತಿರಲಿಲ್ಲ. ನೀರು ಕುಡಿಯಲು ಯೋಗ್ಯವೆಂಬ ವರದಿ ಬಂದಿತು. ಬಾರದೆ ಏನು ಮಾಡೀತು?

ವಿಚಾರಣೆಯ ದಿನ ಹಟ್ಟಿಯವರೆಲ್ಲ ಶಾಲೆಯ ಅಂಗಳದಲ್ಲಿ ಸೇರಿದ್ದರು. ನೀರಿನಲ್ಲಿ ದೋಷವಿಲ್ಲ, ಆದ್ದರಿಂದ ಮೀಸಲಿನ ಅನ್ನವೇ ಕಾರಣವಿರಬೇಕೆಂದು ಅಧಿಕಾರಿ ಹೇಳಿದರು. ಅಡುಗೆ ಮಾಡಿದ ಹೆಂಗಸರು ತಲೆ ತಗ್ಗಿಸಿದರು. ಯಲ್ಲಕ್ಕನೂ ಅವರ ನಡುವೆ ಇದ್ದಳು. ದೇವರ ಎಡೆಗೆ ವಿಷದ ಹೆಸರು ಬಂದಿತಲ್ಲ ಎಂದು ಗಂಡಸರು ಕುದಿಯುತ್ತಿದ್ದರು. ಕಾಟಲಿಂಗಪ್ಪನ ತಲೆಯಲ್ಲಿ ಇದ್ದದ್ದು ಬೇರೆ. ತಪ್ಪು ಅನ್ನದ್ದೆಂದು ತೀರ್ಮಾನವಾದರೆ ಆ ಕೊಳವೆಯನ್ನು ಇನ್ನು ಯಾರೂ ಮುಟ್ಟುವುದಿಲ್ಲ. ಮುಂದಿನ ಮಳೆಗೆ ಇನ್ನೊಂದು ಹೊರಸು ಹೊರಬೇಕಾಗುತ್ತದೆ. ಮಾತಾಡಿದರೆ ಕೆಲಸ ಹೋಗುತ್ತದೆ, ಹಟ್ಟಿಯ ಮುನಿಸೂ ಬರುತ್ತದೆ. ಅವನು ಎದ್ದು ನಿಂತ.

“ಅನ್ನದ್ದು ತಪ್ಪಿಲ್ಲ ಸಾರ್, ಎಡೆಗೆ ಮುಂಚೇನೇ ಮಕ್ಳು ಕಕ್ಕಿದ್ವು. ಆ ವಾರ ನಾನು ಪುಡಿ ಹಾಕಿರಲಿಲ್ಲ.”

“ಯಾರು ಬೇಡ ಅಂದ್ರು?”

ಮುಂದಿನ ಸಾಲಿನಲ್ಲಿ ಕುಳಿತಿದ್ದ ಮೂಡಲಗಿರಿಯಪ್ಪ ತನ್ನ ಕಂಬಳಿಯ ಅಂಚನ್ನು ನೋಡುತ್ತಿದ್ದ.

“ನೀರುಗಂಟಿ ನಾನು ಸಾರ್. ಕೈ ನಂದು. ಆದ್ರೆ ಕೊಚ್ಚೆ ಎಲ್ಲಿಂದ ಸೇರ್ತೈತೆ ನೋಡ್ಬೇಕಲ್ಲ? ಪೈಪು ಚರಂಡಿಯೊಳಗೈತೆ. ಬರ್ರಿ, ತೋರಿಸ್ತೀನಿ.”

ಅಧಿಕಾರಿ ಕೇಳಿಸಿಕೊಂಡದ್ದು ಮೊದಲರ್ಧವನ್ನು ಮಾತ್ರ. ಅವರ ಮುಖದ ಬಿಗಿ ಸಡಿಲಿತು. ಗುತ್ತಿಗೆದಾರನನ್ನು ಕರೆಸಬೇಕಿಲ್ಲ, ಎಂಜಿನಿಯರನ್ನು ಕೇಳಬೇಕಿಲ್ಲ, ದೇವರ ಹೆಸರೆತ್ತಿ ಹಟ್ಟಿಯನ್ನು ಎದುರುಹಾಕಿಕೊಳ್ಳಬೇಕಿಲ್ಲ. ಹೊಣೆ ಹೊರುವ ಒಂದು ಹೆಗಲು ತಾನಾಗಿಯೇ ಎದ್ದು ನಿಂತಿತ್ತು. ನೀರುಗಂಟಿಯ ನಿರ್ಲಕ್ಷ್ಯವೇ ಕಾರಣವೆಂದು ಅಲ್ಲೇ ತೀರ್ಮಾನವಾಯಿತು. ಚಿತ್ತಮ್ಮನ ಸಾವನ್ನು ಅದಕ್ಕೂ ಸೇರಿಸದೆ, ವಯೋಸಹಜ ಎಂದು ಬೇರೆಯಾಗಿಯೇ ನಮೂದಿಸಿದರು. ಮೂಡಲ ಬೀದಿಯ ಚರಂಡಿ ಶಾಲೆಯ ಅಂಗಳದಿಂದ ಕೂಗಳತೆಯಲ್ಲಿತ್ತು. ಜೀಪು ಅದರ ಪಕ್ಕದಲ್ಲೇ ಹಾದುಹೋಯಿತು, ಒಬ್ಬರೂ ಇಳಿಯಲಿಲ್ಲ. ಒಬ್ಬ ಬಡವನ ಸತ್ಯವನ್ನು ಅವನ ವಿರುದ್ಧವೇ ಬಳಸಿ, ಅದೇ ಸತ್ಯದ ಉಳಿದರ್ಧವನ್ನು ಹೂತುಹಾಕುವುದಕ್ಕೆ ಆಡಳಿತ ಎಂಬ ಹೆಸರು ಸಲ್ಲುವುದಾದರೆ, ಆ ಪದಕ್ಕೆ ಬೇರೆ ಅರ್ಥ ಹುಡುಕಬೇಕಾದೀತು.

ಕಾಟಲಿಂಗಪ್ಪನಿಂದ ಬೀಗದ ಕೈ ಇಸಿದುಕೊಂಡು, ಹೊಸ ನೀರುಗಂಟಿಯಾಗಿ ನೇಮಿಸಿದ ರಂಗೇಶನಿಗೆ ಕೊಟ್ಟರು. ರಂಗೇಶ ದಿನವೂ ಪುಡಿ ಹಾಕಿದ, ಪುಡಿ ಇರುವವರೆಗೆ. ಅದು ಮುಗಿದ ಮೇಲೆ ಪಂಚಾಯಿತಿಯಿಂದ ಹೊಸ ಡಬ್ಬ ಬರಲಿಲ್ಲ.

ಮತ್ತೆ ಒಂದು ಮಧ್ಯಾಹ್ನ ಬಿರುಸಾಗಿ ಮಳೆಯಾಯಿತು. ಚರಂಡಿ ತುಂಬಿ ರಸ್ತೆಗೆ ಬಂದಿತು. ಕಾಟಲಿಂಗಪ್ಪ ತನ್ನಲ್ಲೇ ಉಳಿದಿದ್ದ, ವಾಲ್ವ್ ತಿರುಗಿಸುವ ಪಾನಾ ತೆಗೆದುಕೊಂಡು ಹೋಗಿ ಮೂಡಲ ಬೀದಿಯ ವಾಲ್ವನ್ನು ಬಿಗಿಯಾಗಿ ಮುಚ್ಚಿದ. ಕೊಳವೆಗೆ ಸೇರಿದ ಕೊಚ್ಚೆ ಯಾರ ಕೊಡಕ್ಕೂ ಇಳಿಯಬಾರದೆಂದು ಅದರ ಗುಂಡಿಯ ಮೇಲಿನ ಚಪ್ಪಡಿಯ ಮೇಲೆ ಕುಳಿತುಬಿಟ್ಟ. ಸಂಜೆ ನಲ್ಲಿಗಳು ಬರಿದೇ ಗೊರಗುಟ್ಟಿದಾಗ ಕೊಡ ಹಿಡಿದ ಹೆಂಗಸರು ಸುತ್ತ ನೆರೆದರು. ಬೀದಿಯ ಸೊಸೆ ಲತಾ ಎಲ್ಲರಿಗೂ ಕೇಳುವಂತೆ ಹೇಳಿದಳು: “ಕೆಲ್ಸ ಕಿತ್ಕಂಡ್ರು ಅಂತ ನಮ್ಮ ಗಂಟ್ಲು ಒಣಗಿಸ್ತಾನೆ. ಅಕ್ಕನ್ನ ಕಳಿಸಿದ್ದು ಸಾಲ್ದೇನೋ.”

ಅವನು ಕುಳಿತಲ್ಲಿಂದ ಏಳಲಿಲ್ಲ. ಒಬ್ಬ ಅವನ ರಟ್ಟೆ ಹಿಡಿದು ಎಳೆದ. ಅಷ್ಟರಲ್ಲಿ ಕಂಬಳಿ ಹೊದ್ದ ಮೂಡಲಗಿರಿಯಪ್ಪ ಬಂದು, ಆ ಕೈಯನ್ನು ಬಿಡಿಸಿ ಚಪ್ಪಡಿಯ ಇನ್ನೊಂದು ತುದಿಯಲ್ಲಿ ಕುಳಿತ.

“ನೀರು ಬಿಡಬ್ಯಾಡ್ರಿ,” ಎಂದ. “ಅವತ್ತು ಇವ್ನು ಪುಡಿ ಹಾಕ್ತೀನಿ ಅಂತ ಬಂದಿದ್ದ. ಬ್ಯಾಡ ಅಂದೋನು ನಾನು.”

ಲತಾಳೇ ಕೇಳಿದಳು: “ಈ ಮಾತು ಸಾಹೇಬ್ರ ಮುಂದೆ ಯಾಕೆ ಬರ್ಲಿಲ್ಲ, ಪೂಜಾರಪ್ಪ?”

ಮೂಡಲಗಿರಿಯಪ್ಪ ಕಂಬಳಿಯನ್ನು ತಲೆಯ ಮೇಲೆ ಎಳೆದುಕೊಂಡ. ಕಾಟಲಿಂಗಪ್ಪ ಅವನ ಕಡೆ ತಿರುಗಿಯೂ ನೋಡಲಿಲ್ಲ. ಸ್ವಲ್ಪ ಹೊತ್ತು ನಿಂತು ಹೆಂಗಸರು ಚದುರಿದರು. ಕತ್ತಲಾದ ಮೇಲೆ ಯಲ್ಲಕ್ಕ ಬಂದು ಗಂಡನನ್ನು ಎಬ್ಬಿಸಿಕೊಂಡು ಹೋದಳು.

ಆದರೆ ಕುರಿಗಳು ಕುಡಿಯಬೇಕಿತ್ತು, ಮುದ್ದೆಗೆ ಎಸರಿಡಬೇಕಿತ್ತು, ಮಕ್ಕಳ ಬಟ್ಟೆ ಒಗೆಯಬೇಕಿತ್ತು. ಬೆಳಕು ಹರಿಯುವ ಮೊದಲೇ ಯಾರೋ ವಾಲ್ವ್ ತೆರೆದಿದ್ದರು. ಮೂಡಲ ಬೀದಿಯ ನಲ್ಲಿಗಳಲ್ಲಿ ಮೊದಲು ಕಂದು ಬಣ್ಣದ ನೀರು ಬಂದಿತು. ಅದನ್ನು ಚೆಲ್ಲಿ, ತಿಳಿಯಾದ ಮೇಲೆ ಎಲ್ಲರೂ ಕೊಡಗಳಿಗೆ ತುಂಬಿಕೊಂಡರು.