ಎರಡನೆಯ ಪುಟ

ಆ ಹೈಸ್ಕೂಲಿನಲ್ಲಿ ಪಾಠ ಫ್ರೆಂಚಿನಲ್ಲೂ ನಡೆಯುತ್ತಿತ್ತು, ಇಂಗ್ಲಿಷಿನಲ್ಲೂ ನಡೆಯುತ್ತಿತ್ತು. ಜೆರಾಕ್ಸ್ ಮಾಮನಿಗೆ ಮಾತ್ರ ಎರಡೂ ಅಷ್ಟಕ್ಕಷ್ಟೆ. ಹದಿನೆಂಟು ವರ್ಷ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಪ್ರಶ್ನೆಪತ್ರಿಕೆಗಳ ಪ್ರತಿ ತೆಗೆದವರು. ಅಕ್ಷರದ ನೆತ್ತಿಯ ಮೇಲೆ ಅಲ್ಲಲ್ಲಿ ಗೀಟು, ಟೋಪಿ ಕಂಡರೆ ಫ್ರೆಂಚ್, ಬೋಳಾಗಿದ್ದರೆ ಇಂಗ್ಲಿಷ್. ಇಷ್ಟೇ ಅವರ ವಿದ್ಯೆ!

ಮಕ್ಕಳು ಬಾಗಿಲಲ್ಲಿ ಇಣುಕಿ, "ಮಾಮ, ಒಂದೇ ಒಂದು ಪ್ರಶ್ನೆ ಹೇಳಿಬಿಡಿ" ಎಂದು ಗೋಗರೆಯುತ್ತಿದ್ದರು.

"ಹೇಳ್ತೀನಮ್ಮ, ಮೊದಲು ನನಗೆ ಓದೋಕೆ ಕಲಿಸು" ಎಂದು ಇವರು ಅಟ್ಟಿಬಿಡುತ್ತಿದ್ದರು.

ಈ ವರ್ಷ ಮಾತ್ರ ನಗು ಅರ್ಧಕ್ಕರ್ಧ ಇಳಿದಿತ್ತು. ಕಚೇರಿಯ ಮ್ಯಾನೇಜರ್, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಮನುಷ್ಯ, ಹೊಸ ಯಂತ್ರದ ಚಿತ್ರ ತೋರಿಸಿ, "ಇದು ತಾನೇ ಜೋಡಿಸಿ ಪಿನ್ನೂ ಹೊಡೆಯುತ್ತೆ. ಈ ಪರೀಕ್ಷೇಲಿ ಒಂದು ತಪ್ಪಾದ್ರೂ ಸಾಕು, ನೀವು ಮನೆಗೆ, ಮಷಿನ್ನು ಒಳಗೆ" ಎಂದಿದ್ದ.

ಹತ್ತನೆಯ ತರಗತಿಯ ಇತಿಹಾಸ ಪತ್ರಿಕೆ. ಅರ್ಧ ಮಕ್ಕಳಿಗೆ ಫ್ರೆಂಚಿನಲ್ಲಿ, ಇನ್ನರ್ಧಕ್ಕೆ ಇಂಗ್ಲಿಷಿನಲ್ಲಿ, ಎರಡೆರಡು ಪುಟ. ಪ್ರಶ್ನೆ ಯಾವ ಭಾಷೆಯಲ್ಲೋ ಉತ್ತರವೂ ಅದರಲ್ಲೇ. ಹಿಂದಿನ ದಿನ ಯಂತ್ರದಲ್ಲಿ ಕಾಗದ ಸಿಕ್ಕಿಕೊಂಡು ಮಾಮನ ಪ್ರಾಣ ಹಿಂಡಿತ್ತು. ಬಿಡಿಸಿ, ಜೋಡಿಸಿ, ಪಿನ್ನು ಹೊಡೆದು, ಲಕೋಟೆಗೆ ಹಾಕಿ ಕೊಟ್ಟಿದ್ದರು.

ಪರೀಕ್ಷೆ ಶುರುವಾಗಿ ಒಂದು ಗಂಟೆ ಆಗಿರಬೇಕು. ಮಿಕ್ಕ ಪ್ರತಿಗಳನ್ನು ಎತ್ತಿಡಲು ಹೋದ ಮಾಮ ಮೇಲಿನದನ್ನು ತಿರುವಿ ನೋಡಿದರು. ಮೊದಲ ಪುಟ ಬೋಳು, ಎರಡನೆಯದರ ತುಂಬ ಗೀಟು, ಟೋಪಿ! ಇನ್ನೊಂದು ಕಟ್ಟು ನೋಡಿದರೆ ಅದು ಉಲ್ಟಾ. ಎರಡನೆಯ ಪುಟಗಳು ಪೂರ್ತಿ ಅದಲುಬದಲಾಗಿದ್ದವು.

ಪಕ್ಕದಲ್ಲೇ ಕಾಗದ ಚೂರು ಮಾಡುವ ಯಂತ್ರವಿತ್ತು. ಇವಿಷ್ಟನ್ನು ಅದರ ಬಾಯಿಗೆ ಹಾಕಿ, ಗೊತ್ತೇ ಇಲ್ಲ ಎಂದು ಕೂತರೆ? ಸುಳ್ಳೇಕೆ, ಕಟ್ಟು ಅದರ ಬಾಯಿಯ ತನಕ ಹೋಗಿತ್ತು. ಆದರೆ ಒಳಗೆ ಕೂತ ಅರವತ್ತು ಮಕ್ಕಳು ಕಣ್ಣಿಗೆ ಕಟ್ಟಿದರು. ವರ್ಷವಿಡೀ ಓದಿದ್ದು ತನ್ನಿಂದ ನೀರುಪಾಲಾಗಬೇಕೇ? ಥೂ, ಇದೂ ಒಂದು ಬಾಳೇ ಎಂದುಕೊಂಡು ಕಟ್ಟನ್ನು ಕಿತ್ತುಕೊಂಡು ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಓಡಿದರು.

"ಮೇಡಂ, ನನ್ನಿಂದ ಅನಾಹುತ ಆಗಿಹೋಯ್ತು. ಮಕ್ಕಳದೇನೂ ತಪ್ಪಿಲ್ಲ, ಅವರಿಗೆ ಇನ್ನೊಂದು ಗಂಟೆ ಜಾಸ್ತಿ ಕೊಡಿ. ನನ್ನ ಕಥೆ ಆಮೇಲೆ ನೋಡೋಣ."

ಆಕೆ ಕಾಗದ ತಿರುವಿ, ಎದ್ದು ಪರೀಕ್ಷೆಯ ಹಾಲಿಗೆ ನಡೆದರು. ಮಾಮ ಕಾಲೆಳೆಯುತ್ತ ಹಿಂದೆ ಹೋದರು.

ಒಳಗೆ ಗಲಾಟೆಯೂ ಇಲ್ಲ, ಅಳುವೂ ಇಲ್ಲ. ಎಲ್ಲರೂ ತಲೆ ಬಗ್ಗಿಸಿ ಬರೆಯುತ್ತಿದ್ದರು. ಬಹಳ ಮಕ್ಕಳು ಆಗಲೇ ಎರಡನೆಯ ಪುಟದಲ್ಲಿದ್ದರು. ಅನ್ನಕ್ಕೆ ಉಪ್ಪು ಕಮ್ಮಿ ಎಂದರೂ ಅರ್ಜಿ ಬರೆಯುವ ಉದ್ದ ಜಡೆಯ ಹುಡುಗಿಯೊಬ್ಬಳು ಮುಂದಿನ ಸಾಲಿನಲ್ಲೇ ಇದ್ದಳು. ಮೇಡಂ ಬಗ್ಗಿ ಕೇಳಿದರು: "ಪತ್ರಿಕೆ ಸರಿಯಿದೆಯೇನಮ್ಮ?"

"ನಾಲ್ಕನೇ ಪ್ರಶ್ನೆ ತುಂಬ ಕಷ್ಟ, ಮೇಡಂ."

"ಅದಲ್ಲ. ಭಾಷೆ?"

ಹುಡುಗಿ ಪುಟ ಹಿಂದೆ ಮುಂದೆ ತಿರುವಿದಳು. ತಾನು ಬರೆದ ಹಾಳೆಗಳನ್ನೂ ನೋಡಿಕೊಂಡಳು. ಮೊದಲರ್ಧ ಒಂದು ಭಾಷೆ, ಮಿಕ್ಕಿದ್ದು ಇನ್ನೊಂದು. "ಅಯ್ಯೋ, ಹೌದಲ್ಲ! ನಾನು ಗಮನಿಸಲೇ ಇಲ್ಲ" ಎಂದಳು. ಅರವತ್ತು ಪುಟಗಳೂ ಒಟ್ಟಿಗೆ ಮಗುಚಿದವು. ಆಮೇಲೆ ನೋಡಬೇಕು, ಹಾಲಿಗೆ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಮೇಡಂ ಹೊರಗೆ ಬಂದು ಗೋಡೆಗೆ ಒರಗಿದರು. ಮಾಮ ಬೈಗುಳಕ್ಕೆ ತಲೆ ಬಗ್ಗಿಸಿ ನಿಂತರು.

"ಹನ್ನೆರಡು ವರ್ಷದಿಂದ ತಂದೆತಾಯಿಗಳ ಮುಂದೆ ಎದೆ ತಟ್ಟಿ ಹೇಳ್ತಿದ್ದೀನಿ, ಎರಡು ಭಾಷೆ ಮಕ್ಕಳಿಗೆ ಭಾರ ಅಲ್ಲ ಅಂತ" ಎಂದರು ಆಕೆ. ಕಣ್ಣು ತುಂಬಿತ್ತು. "ನಿಜ ಹೇಳ್ಲಾ? ನನಗೇ ಪೂರ್ತಿ ನಂಬಿಕೆ ಇರಲಿಲ್ಲ. ಮ್ಯಾನೇಜರಿಗೆ ನಾನು ಹೇಳ್ಕೋತೀನಿ. ನೀವು ನಿಮ್ಮ ಕೋಣೆಗೆ ಹೋಗಿ, ನಾಳೆ ಗಣಿತ ಇದೆ."

ಮಾಮನಿಗೆ ಹೋದ ಜೀವ ಬಂದಂತಾಯಿತು. ಮೆಟ್ಟಿಲ ಮೇಲೆ ಕುಸಿದು ಹೆಂಡತಿಗೆ ಫೋನು ಹಚ್ಚಿದರು.

"ನನ್ನ ಕೆಲಸ ಉಳೀತು ಕಣೇ!"

"ಅದು ಹೋಗಿದ್ದು ಯಾವಾಗ್ರೀ?" ಎಂದಳು ಆಕೆ ಗಾಬರಿಯಿಂದ.

ಉತ್ತರ ಕೊಡಲು ಮಾಮನಿಗೆ ನಗು ಬಿಡಲಿಲ್ಲ.