ಬೇವಿನ ಮರದಿಂದ ಇಳಿದ ಕುಡುಗೋಲು

ಕುಸನೂರಿನ ಕಡೆ ಮನೆ ಕಟ್ಟಿಸಿರುವ ನನ್ನ ಅಳಿಯ ಅಂಗಳದ ತುಂಬ ಹುಲ್ಲು ಬೆಳೆಸಿದ್ದಾನೆ. ಅದನ್ನು ಕತ್ತರಿಸಲು ಎಂಥ ಯಂತ್ರ ತರಲಿ ಎಂದು ಹೋದ ವಾರ ಕೇಳಿದ. ಸಣ್ಣದು ತಾ ಎಂದೆ. ಇಷ್ಟು ದೊಡ್ಡ ಅಂಗಳಕ್ಕೆ ಸಣ್ಣದೇಕೆ ಎಂದ. ಎರೆಮಣ್ಣು ಭಾರ ತಾಳುವುದಿಲ್ಲ ಎಂದೆ. ಮಾತು ನಿಜ, ಆದರೆ ನನ್ನದಲ್ಲ. ಕಮಲಾಪುರದ ಒಬ್ಬ ಹೆಂಗಸಿನದು. ಆಕೆಗೆ ನಾನು ಮಾಡಿದ ಅನ್ಯಾಯವನ್ನು ಹೆಂಡತಿಗೂ ಹೇಳದೆ ಈ ವಯಸ್ಸಿನವರೆಗೆ ಬಂದಿದ್ದೇನೆ.

ಆಗ ನಿಜಾಮರ ಆಡಳಿತ. ನಾನು ಹೈಸ್ಕೂಲು ಮುಗಿಸಿ, ಐವಾನ್-ಎ-ಶಾಹಿ ಎಂಬ ಅತಿಥಿಗೃಹದ ಹತ್ತಿರ ಒಬ್ಬ ದೊಡ್ಡ ಅಧಿಕಾರಿಯ ಬಂಗಲೆಯಲ್ಲಿ ಮುನ್ಶಿಯಾಗಿ ಸೇರಿದ್ದೆ. ಕಾಗದಪತ್ರ ಬರೆಯುವುದು, ಆಳುಗಳ ಮೇಲೆ ಕಣ್ಣಿಡುವುದು ನನ್ನ ಕೆಲಸ. ಬಂಗಲೆಯ ಮುಂದೆ ಒಂದು ಎಕರೆಯಷ್ಟು ಹುಲ್ಲು. ಅದನ್ನು ಕೊಯ್ಯುತ್ತಿದ್ದವಳು ಈ ಹೆಂಗಸು. ನಡುವಯಸ್ಸಿನವಳು, ಗಂಡನಿಲ್ಲ, ಬಂಗಲೆಯ ಹಿಂದಿನ ಗುಡಿಸಲಿನಲ್ಲಿ ಮುದಿ ಅತ್ತೆಯನ್ನು ಸಾಕಿಕೊಂಡಿದ್ದಳು. ಕೊಯ್ದ ಹುಲ್ಲು ಕೊಯ್ದವಳಿಗೇ ಸೇರಬೇಕೆಂಬುದು ಅಲ್ಲಿನ ವಾಡಿಕೆ. ಅದನ್ನು ಹೊರೆ ಕಟ್ಟಿ ಟಾಂಗಾದವರಿಗೆ ಮಾರುತ್ತಿದ್ದಳು. ಅವರಿಬ್ಬರ ಊಟ ಅದರಿಂದಲೇ ನಡೆಯುತ್ತಿತ್ತು.

ಸಾಹೇಬರಿಗೆ ಹುಲ್ಲು ಜಮಖಾನೆಯ ಹಾಗೆ ಸಮವಾಗಿರಬೇಕೆಂಬ ಆಸೆ ಹುಟ್ಟಿತು. ಬೊಂಬಾಯಿಯಿಂದ ಯಂತ್ರಗಳ ಚಿತ್ರದ ಪುಸ್ತಕ ತರಿಸಿ, ಇಂಗ್ಲಿಷು ಬಲ್ಲವನೆಂದು ನನ್ನ ಕೈಗೆ ಕೊಟ್ಟರು. "ತುಮ್ಹಾರೀ ಪಸಂದ್, ಮುನ್ಶಿ," ಎಂದರು. ಆಯ್ಕೆ ನನ್ನದೇ. ಎರಡು ಚಿತ್ರಗಳ ಮೇಲೆ ಕಣ್ಣು ನಿಂತಿತು. ಒಂದು ಒಂದೂವರೆ ಗೇಣು ಅಗಲದ್ದು, ಒಬ್ಬರೇ ತಳ್ಳುವಂಥದು. ಇನ್ನೊಂದು ಎರಡು ಮೊಳ ಅಗಲದ್ದು, ಹಿಂದೆ ಕಬ್ಬಿಣದ ಉರುಳೆ, ಎಳೆಯಲು ಎತ್ತೋ ಕುದುರೆಯೋ ಬೇಕು. ಚಿತ್ರದ ಕುದುರೆಗೆ, ಗೊರಸು ನೆಲಕ್ಕೆ ನಾಟದಿರಲೆಂದು, ಚರ್ಮದ ಬೂಟು ತೊಡಿಸಿದ್ದರು.

ತಮಾಷೆಗೆ ಆಕೆಗೂ ತೋರಿಸಿದೆ. ಆಕೆ ನಗಲಿಲ್ಲ.

"ಈ ದೊಡ್ಡದು ತೂಕ ಎಷ್ಟ್ ಅದ ರೀ?"

"ನಾಕ ಮಂದಿ ಎತ್ತಬೇಕು."

ಆಕೆ ಎದ್ದು ಹಿಮ್ಮಡಿಯನ್ನು ಹುಲ್ಲಿನಲ್ಲಿ ಒತ್ತಿದಳು. ಹಿಂದಿನ ದಿನ ಮಳೆಯಾಗಿತ್ತು. ಕುಳಿಯಲ್ಲಿ ನೀರು ಒಸರಿತು.

"ಒಪ್ಪೊತ್ತು ಉಣ್ಣಾಕಿ ಹಿಮ್ಮಡಾನ ಇಷ್ಟ್ ಇಳೀತದ. ಎರಿ ಭೂಮಿ ರೀ ಇದು. ಎತ್ತು, ಕಬ್ಬಿಣ ಕೂಡಿ ಬಂದ್ರ ಹುಲ್ಲ ಕೊಯ್ಯಂಗಿಲ್ಲ, ರಂಟಿ ಹೊಡದಂಗ ನೆಲಾನ ಉಳತದ. ಸಣ್ಣದ ತರಸ್ರಿ. ನಾನಾ ತಳ್ತೀನಿ. ಗಿಡದ ಬುಡಕ, ಹೂವಿನ ಮಡಿ ಸುತ್ತ ಕುಡಗೋಲಲೆ ಕೊಯ್ತೀನಿ. ನನಗೂ ಒಂದ್ ಹೊರಿ ಉಳೀತದ."

ಯಂತ್ರ ಕತ್ತರಿಸಿದ ಹುಲ್ಲು ಪುಡಿಪುಡಿ, ಹೊರೆಗೆ ಬರುವುದಿಲ್ಲ. ಅದು ನನಗೆ ಹೊಳೆದಿರಲಿಲ್ಲ. ಚಿತ್ರ ನೋಡಿಯೇ ಆಕೆಗೆ ಹೊಳೆದಿತ್ತು.

"ಹಂಗಾ ಮಾಡೂಣು," ಎಂದೆ. ಆದರೆ ಪತ್ರ ಬರೆಯುವಾಗ ದೊಡ್ಡದನ್ನೇ ಬರೆದೆ. ಬೂಟು ತೊಟ್ಟ ಎತ್ತು ಎರಡು ಮೊಳದ ಯಂತ್ರ ಎಳೆಯುವುದನ್ನು ಊರು ನೋಡಬೇಕು, ತರಿಸಿದವರು ಯಾರೆಂದು ಕೇಳಬೇಕು. ಅಷ್ಟೇ ನನ್ನ ಆಸೆ.

ಯಂತ್ರ ಬಂದ ದಿನ ಸಾಹೇಬರು ನಾಲ್ವರು ಅತಿಥಿಗಳನ್ನು ಕರೆದು ವರಾಂಡದಲ್ಲಿ ಕೂರಿಸಿದ್ದರು. ಕಪನೂರದಿಂದ ಬಂದ ಎತ್ತಿನವನು ಬೂಟು ಕಟ್ಟುತ್ತಾ, "ಎತ್ತಿಗಿ ಬೂಟ ಹೊಲಿಸೀರಿ, ನನ್ನ ಕಾಲ ಕಡಿ ಒಂದೀಟ ನೋಡ್ರಿ ಮುನ್ಶಿಯವ್ರ," ಎಂದು ಎಲ್ಲರನ್ನೂ ನಗಿಸುತ್ತಿದ್ದ. ಯಂತ್ರದ ಪೆಟ್ಟಿಗೆಗೆ ತೆಂಗಿನ ನಾರಿನ ಕೆಂಪು ಹಗ್ಗ ಬಿಗಿದಿದ್ದರು. ನಮ್ಮ ಕಡೆ ಹಗ್ಗವೆಂದರೆ ಪುಂಡಿನಾರಿನದು. ಈ ಗಂಟು ಬಿಚ್ಚಲು ಬರಲಿಲ್ಲ. ಅವಸರದಲ್ಲಿ ಸುತ್ತ ನೋಡಿದೆ. ಬೇವಿನ ಕೊಂಬೆಗೆ ಆಕೆಯ ಕುಡುಗೋಲು ಸಿಗಿಸಿತ್ತು. ಆಕೆ ನೀರು ಕುಡಿಯಲು ಹೋಗಿದ್ದಳು. ತೆಗೆದುಕೊಂಡು ಹಗ್ಗ ಕೊಯ್ದೆ. ಸಾಹೇಬರು ಕೂಗಿದರು. ಕುಡುಗೋಲನ್ನು ಅಲ್ಲೇ ಹುಲ್ಲಿನ ಮೇಲೆ ಇಟ್ಟು ಓಡಿದೆ.

ನಾನೂ ಒಕ್ಕಲು ಮನೆಯವನು. ಕುಡುಗೋಲು ಸೊಂಟದಲ್ಲಿರಬೇಕು, ಇಲ್ಲವೆ ಗಿಡದಲ್ಲಿರಬೇಕು. ನೆಲಕ್ಕಿಟ್ಟವರನ್ನು ಮರುವರ್ಷ ಸುಗ್ಗಿಗೆ ಕರೆಯುವುದಿಲ್ಲ, ಇನ್ನೊಬ್ಬರ ಕಾಲು ಹೋಗುತ್ತದೆ. ಇದು ನನಗೆ ನಡೆಯಲು ಬಂದಾಗಿನಿಂದ ಗೊತ್ತು.

ಎತ್ತು ಮೂವತ್ತು ಹೆಜ್ಜೆ ಎಳೆಯಿತು. ಹಿಂದೆ ಉರುಳೆ ಮಣ್ಣಿನಲ್ಲಿ ಕಾಲುವೆ ತೆಗೆಯುತ್ತಾ ಬಂತು. ತಿರುಗಿ ಬರುವಾಗ ಖಣ್ ಎಂದಿತು. ತಳ್ಳುವ ಸಣ್ಣ ಯಂತ್ರವಾಗಿದ್ದರೆ ಕಣ್ಣು ಮುಂದಿನ ಹುಲ್ಲಿನ ಮೇಲೇ ಇರುತ್ತಿತ್ತು. ಇಲ್ಲಿ ಎತ್ತಿನವನಿಗೆ ಕಂಡದ್ದು ಎತ್ತಿನ ಬಾಲ. ಎರಡು ಅಲಗು ಮುರಿದಿದ್ದವು. ನಡುವೆ ಸಿಕ್ಕಿದ್ದ ಕುಡುಗೋಲು ಸೊಟ್ಟಗಾಗಿತ್ತು.

ಸಾಹೇಬರು ಮೆಟ್ಟಿಲಿಳಿದು ಬಂದು, ಇದು ಯಾರದು ಎಂದರು. ಅಷ್ಟರಲ್ಲಿ ಆಕೆ ನೀರು ಕುಡಿದು ಬಂದಿದ್ದಳು. "ಈಕೆಯದು," ಎಂದೆ. ಅದು ಸುಳ್ಳಲ್ಲವಲ್ಲ.

"ನಾ ಬೇವಿನ ಗಿಡಕ್ಕ ಸಿಗಿಸಿ ಹೋಗಿದ್ದೆ ರೀ," ಎಂದಳು ಆಕೆ. "ಕುಡಗೋಲ ನೆಲಕ್ಕ ಇಡಾಕಿ ನಾ ಅಲ್ಲ."

"ಹಂಗಾದ್ರ ತಾನಾ ಗಿಡ ಇಳದ ಬಂತೇನು? ಕುಡಗೋಲಿಗಿ ಕಾಲ ಬಂದಾವೇನು?"

ಹೀಗೆಂದವನು ನಾನೇ. ಸಾಹೇಬರಿಗೆ ಉರ್ದುವಿನಲ್ಲಿಯೂ ಹೇಳಿದೆ. ಅತಿಥಿಗಳು ನಕ್ಕರು. ಎತ್ತಿನವನು ಮಾತ್ರ ನಗದೆ ಬೂಟು ಬಿಚ್ಚತೊಡಗಿದ. ಅವನೂ ಒಕ್ಕಲು ಮನೆಯವನು. ಆಕೆ ಸೊಟ್ಟಗಾದ ಕುಡುಗೋಲನ್ನು ಎತ್ತಿಕೊಂಡು ತಿರುಗಿಸಿ ನೋಡಿ, ಸೊಂಟಕ್ಕೆ ಸಿಗಿಸಿದಳು. ಅಂದೇ ಬಿಟ್ಟು ಹೋಗಬೇಕೆಂದು ಅಪ್ಪಣೆಯಾಯಿತು. ಸಾಹೇಬರು ಕೆಟ್ಟವರಲ್ಲ. ನಾನು ಒಪ್ಪಿಕೊಂಡಿದ್ದರೆ ಎರಡು ದಿನ ಬೈದು ಮರೆಯುತ್ತಿದ್ದರು. ಅತ್ತೆಯ ಕೈ ಹಿಡಿದು, ತಲೆಯ ಮೇಲೆ ಗಂಟು ಹೊತ್ತು, ಆಕೆ ಬಂಗಲೆಯ ಹಾದಿಯಲ್ಲಿ ನಡೆದು ಹೋದಳು.

ಮುರಿದ ಯಂತ್ರ ಟಾಂಗಾ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯಿತು. ಆಮೇಲೆ ಸಣ್ಣದೇ ಬಂತು. ಎರಡು ಮಳೆಗಾಲ ಕಳೆದ ಮೇಲೆ, ಉರುಳೆ ಕೆಡಿಸಿದ ನೆಲಕ್ಕೆ ಕೆಂಪು ಮಣ್ಣು ಬೆರೆಸಬೇಕೆಂದು ಮಾಲಿ ಹೇಳಿದ. ಅದನ್ನು ತರಲು ನಾನು ಬಂಡಿಯೊಡನೆ ಕಮಲಾಪುರಕ್ಕೆ ಹೋದೆ. ಅಲ್ಲಿ ಒಂದು ಬಾಳೆತೋಟದ ಬದುವಿನಲ್ಲಿ ಆಕೆ ಮೇವು ಕೊಯ್ಯುತ್ತಿದ್ದಳು. ಅತ್ತೆ ತೀರಿಕೊಂಡಿದ್ದಳು. ನನ್ನನ್ನು ಕಂಡು, "ಬರ್ರಿ ಮುನ್ಶಿಯವ್ರ, ಆರಾಮ್ ಇದ್ದೀರೇನು?" ಎಂದಳು.

"ಅವತ್ತ ಕುಡಗೋಲ ತಗೊಂಡಾಂವ ನಾನಾ," ಎಂದೆ.

"ಗೊತ್ತಿತ್ತು ರೀ. ಅದರ ಹಲ್ಲಿನ್ಯಾಗ ಕೆಂಪ ನಾರ ಸಿಕ್ಕಿತ್ತು. ನನ್ನ ಕುಡಗೋಲ ತೆಂಗಿನ ಹಗ್ಗ ಯಾವಾಗ ನೋಡ್ಯಾದ? ಪೆಟ್ಟಿಗಿ ಬಿಚ್ಚಿದವ್ರು ನೀವಾ."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

ಆಕೆ ಮೇವಿನ ಹಿಡಿಯನ್ನು ಕಟ್ಟಿ ಪಕ್ಕಕ್ಕಿಟ್ಟಳು.

"ನನ್ನ ಮಾತ ಯಾರ್ ಕೇಳ್ತಿದ್ರು? ಹೇಳಬೇಕಾದವ್ರು ನೀವು. ಕರೀತೀರಿ ಅಂತ ಗೇಟಿನ ತನಕ ಸಾವಕಾಶ ನಡದೆ. ಅತ್ತಿ ಕೇಳಿದ್ಲು, ಯಾಕ ಇಷ್ಟ್ ನಿಧಾನ ಅಂತ. ನಿನ್ನ ಕಾಲ ನೋಯ್ತಾವಲ್ಲ, ಅದಕ್ಕ ಅಂದೆ."

ಆ ಹಾದಿ ಉದ್ದವಾಗಿತ್ತು. ಆಕೆ ಗೇಟು ದಾಟುವವರೆಗೂ ನಾನು ಮೆಟ್ಟಿಲ ಮೇಲೆ ನಿಂತು ನೋಡಿದ್ದೆ.