ಮಣ್ಣು ಮೆತ್ತುವ ಅಗ್ಲಾಯಾ ನೀರಿಗಿಳಿದದ್ದು

ಓಕ್ನಾ ಊರಿನ ಉಪ್ಪುಕೆರೆಯ ದಂಡೆಯಲ್ಲಿ, ಬಂದವರ ಮೈಗೆಲ್ಲ ನೋವು ಕಳೆಯುವ ಕರಿಮಣ್ಣನ್ನು ಇಪ್ಪತ್ತಾರು ಬೇಸಿಗೆಗಳಿಂದ ಮೆತ್ತುತ್ತ ಬಂದವಳು ಅಗ್ಲಾಯಾ. ಮುಖ ಮರೆತರೂ ಅವಳು ಬೆನ್ನು ಮರೆಯುತ್ತಿರಲಿಲ್ಲ. "ಹೋದ್ವರ್ಷ ಎಡಭುಜ ಎತ್ತೋಕಾಗಲ್ಲ ಅಂತಿದ್ರಲ್ಲ, ಈಗ ಹೇಗಿದೆ?" ಎಂದು ಹಿಂದಿನಿಂದಲೇ ವಿಚಾರಿಸುವಳು. ಮಂಡಿನೋವಿನವರು, ಸೊಂಟ ಹಿಡಿದವರು ರೈಲಿಳಿದು ನೇರ ಅವಳ ಬಕೆಟ್ಟಿನ ಮುಂದೆ ಬಂದು ನಿಲ್ಲುತ್ತಿದ್ದರು. ಮೆತ್ತಿದ ಮಣ್ಣು ಬಿಸಿಲಿಗೆ ಒಣಗಿ ಬಿರಿದ ಮೇಲೆ, "ಇಳೀರಿ, ಈ ನೀರು ಯಾರನ್ನೂ ಮುಳುಗಿಸಲ್ಲ" ಎಂದು ಕೆರೆಗೆ ಅಟ್ಟುವಳು.

ತಾನು ಮಾತ್ರ ಒಂದು ದಿನವೂ ಮೊಣಕಾಲು ಮುಳುಗುವಷ್ಟು ಇಳಿದವಳಲ್ಲ. ಆ ಕೆರೆ ಹಿಂದೆ ಉಪ್ಪಿನ ಗಣಿಯಾಗಿತ್ತು, ನೀರು ತುಂಬಿ ಕೆರೆಯಾದದ್ದು ಆಮೇಲೆ. ಅವಳ ಅಜ್ಜ ಅದರ ತಳದಲ್ಲಿ ಉಪ್ಪು ಕಡಿದವನು. ಏಣಿ ಇಳಿಯುವುದಕ್ಕೇ ಅರ್ಧ ಗಂಟೆ ಬೇಕಿತ್ತು ಎಂದು ಅವನು ಹೇಳಿದ್ದು, ಸಣ್ಣವಳಿದ್ದಾಗಲೇ ಅವಳ ಎದೆಯಲ್ಲಿ ಭಯವಾಗಿ ಕೂತುಬಿಟ್ಟಿತ್ತು. ಇದನ್ನು ಅವಳು ಯಾರ ಮುಂದೂ ಬಾಯಿಬಿಟ್ಟಿರಲಿಲ್ಲ.

ಆ ಜೂನ್‌ನಲ್ಲಿ ಗಲಾಟ್ಸ್ ಊರಿನಿಂದ ಪ್ರೊಫಿರಾ ಬಂದಳು. ಹಡಗುಕಟ್ಟೆಯಲ್ಲಿ ಕ್ರೇನ್ ಓಡಿಸಿ ನಿವೃತ್ತಳಾದ ಭಾರೀ ಹೆಂಗಸು. ಮೈತುಂಬ ಮಣ್ಣು ಮೆತ್ತಿಸಿಕೊಂಡು ನೀರಿನಂಚಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

"ಆಕಾಶದಲ್ಲಿ ಕೂತು ಕೆಲಸ ಮಾಡಿದೋಳು ನಾನು. ಆದ್ರೆ ಕಾಲಿಗೆ ನೆಲ ಸಿಗದ ನೀರು ಬೇಡವೇ ಬೇಡಮ್ಮ!"

"ಹಲಗೆ ಥರ ತೇಲ್ತೀಯ, ಇಳಿಯೇ."

"ನೀನು ತೇಲಿದೀಯಾ?"

ಅಗ್ಲಾಯಾ ತಡವರಿಸಿದಳು. "ನಂಗೆ... ಕೆಲ್ಸ ಇರುತ್ತಲ್ಲ."

"ಇಷ್ಟು ವರ್ಷದಿಂದ ಪುರುಸೊತ್ತೇ ಇಲ್ವಾ? ಕಳ್ಳಿ! ನಿಂಗೂ ಹೆದರಿಕೆ!"

ಸಾಲಿನಲ್ಲಿ ಕಪ್ಪಗೆ ನಿಂತಿದ್ದವರೆಲ್ಲ ನಕ್ಕರು. ಅವರ ಕೆನ್ನೆಯ ಮಣ್ಣು ಚೂರುಚೂರಾಗಿ ಉದುರಿತು. ಅಗ್ಲಾಯಾಳಿಗೆ ಮಾನದ ಪ್ರಶ್ನೆಯಾಯಿತು. ಮೇಲಂಗಿ ಕಳಚಿ ಬಕೆಟ್ಟಿನ ಮೇಲೆಸೆದು, ಪ್ರೊಫಿರಾಳ ಕೈ ಹಿಡಿದಳು. ಯಾರು ಯಾರನ್ನು ಎಳೆದರೋ, ಇಬ್ಬರೂ ದೊಪ್ಪನೆ ನೀರಿಗೆ ಬಿದ್ದರು.

ಬಿದ್ದವರು ಮುಳುಗಲೇ ಇಲ್ಲ. ಕಾಲುಗಳು ತಾವಾಗಿ ಮೇಲೆದ್ದು ಬಂದವು.

"ಅಯ್ಯೋ, ಕಾಲು ಕೆಳಗಿಳೀತಾ ಇಲ್ಲ ಕಣೇ!" ಎಂದು ಅಗ್ಲಾಯಾ ಕೂಗಿದಳು.

"ನಂದೂ ಇಳೀತಿಲ್ಲ! ಇಳಿಸಿ ಏನ್ಮಾಡ್ತೀಯ, ಬಿಡು!"

ಕಿವಿ ನೀರಿನೊಳಗೆ ಹೋದದ್ದೇ ದಂಡೆಯ ಗಲಾಟೆಯೆಲ್ಲ ದೂರವಾಯಿತು. ಕೆಳಗೆ ಅಜ್ಜನ ಗಣಿಯಿದೆ ಎಂದು ಅವಳಿಗೆ ನೆನಪಾಯಿತು. ಹೆದರಿಕೆಯಾಗಬೇಕಿತ್ತು, ಆಗಲಿಲ್ಲ. ಆ ಮುದುಕನೇ ಅಂಗೈಯಲ್ಲಿ ತನ್ನನ್ನು ಎತ್ತಿ ಹಿಡಿದಂತೆ ಅನ್ನಿಸಿ, ಒಬ್ಬಳೇ ನಕ್ಕಳು. ಬಾಯಿಗೆ ಉಪ್ಪುನೀರು ನುಗ್ಗಿ ಕೆಮ್ಮಿದಳು, ಮತ್ತೆ ನಕ್ಕಳು.

ಅಂದಿನಿಂದ ಸಂಜೆ ನಾಲ್ಕು ಗಂಟೆಯಾಯಿತೆಂದರೆ ಅಗ್ಲಾಯಾ ಕೈ ತೊಳೆದು ನೀರಿಗಿಳಿದುಬಿಡುತ್ತಾಳೆ. ದಂಡೆಯಲ್ಲಿ ಅರ್ಧ ಮೆತ್ತಿಸಿಕೊಂಡವರು ಗೊಣಗಿದರೆ, "ಇನ್ನರ್ಧ ನೀವೇ ಮೆತ್ಕೊಳ್ರೋ!" ಎಂಬ ಉತ್ತರ ಕೆರೆಯ ನಡುವಿನಿಂದ ಬರುತ್ತದೆ. ಪ್ರತಿ ಜೂನ್‌ನಲ್ಲೂ ಪ್ರೊಫಿರಾ ಬರುತ್ತಾಳೆ. ಇಬ್ಬರೂ ನೀರ ಮೇಲೆ ಆಕಾಶ ನೋಡುತ್ತ ಮಲಗಿ, ಪ್ಲಮ್ ಹಣ್ಣಿನ ಜಾಮಿಗೆ ಸಕ್ಕರೆ ಎಷ್ಟು ಹಾಕಬೇಕೆಂದು ಬೆರಳು ಸುಕ್ಕುಗಟ್ಟುವವರೆಗೂ ಜಗಳವಾಡುತ್ತಾರೆ.